ಬಚ್ಚಲುಕಲ್ಲಿನ ಆನೆ

ಕದ್ದ ವಸ್ತುವನ್ನು ಬೀರುವಿನಲ್ಲಿ ಬಚ್ಚಿಟ್ಟರೆ ಭಯ. ದಿನಾ ಬಳಸುತ್ತಿದ್ದರೆ ಕದ್ದದ್ದೆಂಬುದೇ ಮರೆತುಹೋಗುತ್ತದೆ. ನಮ್ಮ ಬಚ್ಚಲಿನ ಕಲ್ಲಿನ ಸಂಗತಿ ಹೀಗೆಯೇ. ತಿರುಮಕೂಡಲಿನ ಹೊಳೆಯ ಮೆಟ್ಟಿಲು ಪ್ರವಾಹಕ್ಕೆ ಕಿತ್ತುಬಂದಾಗ ನಮ್ಮ ಯಜಮಾನರು ಗಾಡಿಗೆ ಹೇರಿಕೊಂಡು ಬಂದದ್ದು. ಅಂಚಿನಲ್ಲಿ ಸೊಂಡಿಲೆತ್ತಿದ ಒಂದು ಆನೆ. ಮೂವತ್ತು ವರ್ಷ ಅದರ ಮೇಲೆ ಕೂತೇ ಮೈ ಉಜ್ಜಿಕೊಂಡೆವು. ಅವರು ಹೋದರು, ಆನೆ ಉಳಿಯಿತು.

ತೊಂಬತ್ತೆಂಟೋ ತೊಂಬತ್ತೊಂಬತ್ತೋ ಇರಬೇಕು, ಪಕ್ಕದ ಬೀದಿಯ ಕಾಲೇಜು ಮೇಷ್ಟ್ರು ಒಬ್ಬ ಜಪಾನಿನ ಹೆಂಗಸನ್ನು ಕರೆತಂದರು. ಆಕೆಯ ದೇಶದವನೊಬ್ಬ ಬಹಳ ಹಿಂದೆ ಇಲ್ಲಿಗೆ ಬಂದು, ನಮ್ಮ ಹೊಳೆಯನ್ನು ನೋಡಿ ಚಿತ್ರ ಬರೆದು, ಮರದ ಹಲಗೆಯಲ್ಲಿ ಕೆತ್ತಿ ಅಚ್ಚು ಒತ್ತಿದ್ದನಂತೆ. ಆ ಚಿತ್ರಗಳನ್ನು ಹಿಡಿದು ಊರೂರು ಸುತ್ತಿ, ಆತ ನಿಂತ ಜಾಗದಲ್ಲೇ ನಿಂತು ಫೋಟೋ ತೆಗೆಯುವುದು ಈಕೆಯ ಕೆಲಸ. ನಂಜನಗೂಡಿನ ಸೇತುವೆ ಸಿಕ್ಕಿತಂತೆ. ನಮ್ಮೂರಿನ ಜಾಗ ಸಿಕ್ಕಿರಲಿಲ್ಲ.

"ಅವ್ವಾ, ನೀವು ಹಳಬರು. ಈ ಆನೆ ಕಲ್ಲು ಎಲ್ಲಿತ್ತು ಹೇಳಿ. ಅದು ಸಿಕ್ರೆ ಜಾಗ ಸಿಕ್ದಂಗೆ," ಎಂದು ಮೇಷ್ಟ್ರು ಒಂದು ಚಿತ್ರವನ್ನು ನನ್ನ ಮುಂದೆ ಹಿಡಿದರು.

ಮೂರನೇ ಕ್ಲಾಸಿಗೇ ಸ್ಕೂಲು ಬಿಟ್ಟವಳು ನಾನು. ಆದರೆ ಚಿತ್ರ ನೋಡಲು ಅಕ್ಷರ ಬೇಕೆ? ಮೆಟ್ಟಿಲಿನ ತುದಿಯಲ್ಲಿ ನಮ್ಮ ಬಚ್ಚಲಿನ ಆನೆ ಸೊಂಡಿಲೆತ್ತಿ ನಿಂತಿತ್ತು. ದೇವರ ಹೊಳೆಯ ಕಲ್ಲು ಕದ್ದವಳೆಂದು ಊರು ಆಡಿಕೊಂಡರೆ? ಅದೇ ಮೆಟ್ಟಿಲಿನಲ್ಲಿ ಸಗಣಿ ಬುಟ್ಟಿ ತೊಳೆದವರನ್ನು ಬೈದು ಓಡಿಸಿದ ಬಾಯಿ ಇದು.

"ನಾ ಕಾಣೆ ಕಣಪ್ಪ. ಒಳೆ ಎಳ್ಕಂಡೋಗಿರ್ಬೇಕು," ಎಂದೆ. ಅರ್ಧ ನಿಜವೇ.

ಆಕೆ ತಲೆ ಬಾಗಿಸಿ ಎದ್ದಳು. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಬಿಸಿಲಲ್ಲಿ ಬಂದವರನ್ನು ಬರಿಹೊಟ್ಟೆಯಲ್ಲಿ ಕಳಿಸಿ ನನಗೆ ಅಭ್ಯಾಸವಿಲ್ಲ. ಕಾಲು ತೊಳೆಯದವರನ್ನು ಊಟಕ್ಕೆ ಕೂರಿಸಿಯೂ ಅಭ್ಯಾಸವಿಲ್ಲ. ನಾಲಿಗೆ ನನ್ನನ್ನು ಕೇಳದೆ ಆಡಿಬಿಟ್ಟಿತು: "ಇರವ್ವ, ಒಂದು ತುತ್ತು ಉಣ್ಕಂಡೋಗು. ಬಚ್ಚಲು ಅಲ್ಲೈತೆ, ಕಾಲು ತೊಳ್ಕ."

ಮೇಷ್ಟ್ರು ದಾರಿ ತೋರಿಸಿದರು. ಆಕೆ ಒಳಗೆ ಹೋದಳು. ಎಷ್ಟು ಹೊತ್ತಾದರೂ ನೀರಿನ ಸದ್ದಿಲ್ಲ. ಹುರುಳಿಸಾರು ಉಕ್ಕಿ ಒಲೆಗೆ ಸುರಿಯುತ್ತಿದ್ದರೂ ನಾನು ಬಚ್ಚಲ ಬಾಗಿಲನ್ನೇ ನೋಡುತ್ತಿದ್ದೆ.

"ಅವ್ವಾ, ಸಾರು ಉಕ್ತಿದೆ, ಕಾಣ್ಲಿಲ್ವಾ?"

"ವಯಸ್ಸಾಯ್ತಲ್ಲ ಮೇಷ್ಟ್ರೇ."

ಕೊನೆಗೆ ಆಕೆ ಹೊರಬಂದಳು. ಮುದ್ದೆ ಮುರಿಯುವುದನ್ನು ಕಲಿತಳು, ಉಂಡಳು, ಕೈಮುಗಿದು ಹೊರಟಳು. ಬಚ್ಚಲಿಗೆ ಓಡಿದೆ. ಕಾಲು ತೊಳೆದ ನೀರು ಮೂಲೆಯ ಸಿಮೆಂಟಿನ ಮೇಲಿತ್ತು. ಕಲ್ಲಿನ ಮೇಲೆ ಒಂದು ಹೆಜ್ಜೆಯಿಲ್ಲ. ಆನೆಯ ಮೈಮೇಲಿನ ಮೂವತ್ತು ವರ್ಷದ ಸೋಪಿನ ಜಿಡ್ಡನ್ನು ಮಾತ್ರ ಒರೆಸಿದ್ದಳು.

ಕಲ್ಲನ್ನು ಹೊಳೆಗೆ ಹಿಂದಿರುಗಿಸಲು ನಾಲ್ಕು ಆಳು ಬೇಕು. ನಾಲ್ವರಿಗೂ ಕಾರಣ ಹೇಳಬೇಕು. ಅದಕ್ಕೇ ಈ ಮಂಡಿನೋವಿನಲ್ಲೂ ಮೂಲೆಯ ಸಿಮೆಂಟಿನ ಮೇಲೆ ಕುಕ್ಕರುಗಾಲಲ್ಲಿ ಕೂತು ಮೀಯುತ್ತೇನೆ, ಆನೆಗೆ ಬೆನ್ನು ಹಾಕಿ.