ನಾಲ್ಕು ದೇಶ, ಒಂದೇ ಮೀಟಿಂಗು

ಬೇರೆ ಬೇರೆ ದೇಶದವರನ್ನ ಒಂದು ಸ್ಕ್ರೀನ್ ಮೇಲೆ ಕೂರಿಸಿ "ನಿಮಗೆ ಗೊತ್ತಿರೋದನ್ನ ಒಬ್ಬರಿಗೊಬ್ಬರು ಹೇಳಿಕೊಡಿ" ಅಂದ್ರೆ, ಕಲಿಯೋದು ಅಷ್ಟಕ್ಕಷ್ಟೇ, ಎಡವಟ್ಟು ಮಾತ್ರ ವಾರಕ್ಕೊಂದು ಗ್ಯಾರಂಟಿ. ನಾನು ಬೈಯಪ್ಪನಹಳ್ಳಿಯ ಬಾಡಿಗೆ ರೂಮಲ್ಲಿ ಕೂತು ಕೆಲಸ ಮಾಡೋಳು. ಹಲ್ಲಿನ ಡಾಕ್ಟರುಗಳ ಅಪಾಯಿಂಟ್‌ಮೆಂಟ್ ನೋಡಿಕೊಳ್ಳೋ ಸಾಫ್ಟ್‌ವೇರ್ ನಮ್ಮದು. ಟೀಮಲ್ಲಿ ಜಪಾನ್, ಫಿನ್‌ಲ್ಯಾಂಡ್, ಜರ್ಮನಿಯವರು, ಜೊತೆಗೆ ನಾವು ಬೆಂಗಳೂರಿನವರು.

೧. ಹಾಯ್

ಜಪಾನಿನ ಸಹೋದ್ಯೋಗಿಗೆ ನಮ್ಮ ಸಾಫ್ಟ್‌ವೇರ್ ಹೇಳಿಕೊಡೋ ಕೆಲಸ ನನಗೆ ಬಿತ್ತು. ಇನ್ನೊಬ್ಬರಿಗೆ ಪಾಠ ಮಾಡ್ತಿದ್ದದ್ದು ಅದೇ ಮೊದಲು. ಮೊದಲ ವಾಕ್ಯ ಮುಗಿಸಿದೆ. ಅವರು ತಲೆ ಬಗ್ಗಿಸಿ "ಹಾಯ್" ಅಂದ್ರು. ಪಾಪ, ನೆಟ್ ಹೋಗಿ ಬಂದಿರಬೇಕು ಅಂತ ನಾನೂ ಕೈ ಬೀಸಿ "ಹಾಯ್" ಅಂದೆ. ಎರಡನೇ ವಾಕ್ಯ. ಮತ್ತೆ "ಹಾಯ್". ಮರ್ಯಾದೆಯಲ್ಲಿ ನಾವು ಕಡಿಮೆ ಆಗಬಾರದು ಅಂತ ನಾನೂ ಬಿಡಲಿಲ್ಲ. ಒಂದು ಗಂಟೆ ಕಳೆಯೋ ಹೊತ್ತಿಗೆ ಭುಜ ನೋಯೋಕೆ ಶುರುವಾಯ್ತು.

ಅವರ ಭಾಷೆಯಲ್ಲಿ ಅದು "ಹೌದು, ಕೇಳಿಸ್ಕೋತಿದೀನಿ" ಅಂತೆ. ನನಗದು ಗೊತ್ತಾಗೋ ಹೊತ್ತಿಗೆ ಅವರು ಮ್ಯಾನೇಜರ್‌ಗೆ ಬರೆದಾಗಿತ್ತು: "ಪಾಠ ಬಹಳ ಚೆನ್ನಾಗಿತ್ತು. ತಾವು ಹೇಳಿದ್ದಕ್ಕೆಲ್ಲ ತಾವೇ ಹೌದು ಹೌದು ಅಂತ ಕೈ ಬೀಸೋ ಟೀಚರ್ ನನಗೆ ಸಿಕ್ಕಿದ್ದು ಇದೇ ಮೊದಲು."

೨. ಊಟ ಆಯ್ತಾ?

ಫಿನ್‌ಲ್ಯಾಂಡಿನವರು ಕೇಳಿದ್ದಕ್ಕಷ್ಟೇ ಉತ್ತರ ಕೊಡೋ ಮನುಷ್ಯ. ನನಗೋ, ಏನಾದ್ರೂ ಕೇಳ್ಬೇಕಂದ್ರೆ ನೇರವಾಗಿ ಕೇಳೋಕೆ ಸಂಕೋಚ. ಅದಕ್ಕೆ ಮೊದಲು "ಊಟ ಆಯ್ತಾ?" ಅಂತಿದ್ದೆ.

ಮೊದಲ ದಿನ ಗಂಭೀರವಾಗಿ "ಇಲ್ಲಿ ಈಗ ಬೆಳಗ್ಗೆ ಒಂಬತ್ತೂವರೆ, ಊಟ ಹನ್ನೊಂದಕ್ಕೆ" ಅಂದ್ರು. ಮಾರನೇ ದಿನ ತಟ್ಟೆಯ ಫೋಟೋನೇ ಬಂತು. ಮುಂದಿನ ವಾರ ಮೀಟಿಂಗಿನ ಪಟ್ಟಿಯಲ್ಲಿ ಮೊದಲನೇ ವಿಷಯ: "ಊಟದ ವರದಿ, ಎರಡು ನಿಮಿಷ."

ಒಂದಿನ ಅವಸರದಲ್ಲಿ ನೇರವಾಗಿ ಕೆಲಸದ ಪ್ರಶ್ನೆ ಕೇಳಿಬಿಟ್ಟೆ. ಉತ್ತರ ಕೊಟ್ರು. ಅರ್ಧ ಗಂಟೆಗೆ ಮ್ಯಾನೇಜರ್ ಫೋನು: "ಏನ್ರೀ, ಅವರ ಮೇಲೆ ಕೋಪಾನಾ? ಮನೇಲಿ ಮೀನಿನ ಸಾರು ಮಾಡಿದ್ರಂತೆ, ನೀವು ಕೇಳಲೇ ಇಲ್ವಂತೆ!"

೩. ಮದುವೆ ಮನೆಯ ಪಾಠ

ಪುಲಿಕೇಶಿನಗರದ ನಮ್ಮ ಸೀನಿಯರ್‌ಗೆ ಎಲ್ಲಾ ಗೊತ್ತು, ಆದ್ರೆ ಎಲ್ಲಾ ತಲೆಯಲ್ಲೇ. ಜರ್ಮನಿಯ ಮೇಡಂಗೆ ಎಲ್ಲವೂ ಬರಹದಲ್ಲಿ ಇರಬೇಕು, ಒಂದು ಪದವೂ ಬಿಟ್ಟು ಹೋಗಬಾರದು. "ಸರ್ವರ್ ನಿಂತೋದ್ರೆ ಏನು ಮಾಡ್ಬೇಕು, ಬರೆದುಕೊಡಿ" ಅಂತ ಆರು ತಿಂಗಳು ಬೆನ್ನು ಹತ್ತಿದ್ರು.

"ಬರೆಯೋದ್ಯಾಕೆ ಮೇಡಂ, ನಾನಿಲ್ವಾ?" ಅಂತಿದ್ದ ಇವರು ಕೊನೆಗೂ ಬರೆದ್ರು, ಎರಡೇ ಸಾಲು: "ಎಂದಿನಂತೆ ಮಾಡಿ. ಆಗಲಿಲ್ಲ ಅಂದ್ರೆ ನನಗೆ ಫೋನ್ ಮಾಡಿ."

ಇವರ ತಂಗಿ ಮದುವೆ ದಿನ ಸರಿಯಾಗಿ ಸರ್ವರ್ ನಿಂತಿತು. ನಾವು ಊಟಕ್ಕೆ ಕೂತಿದ್ವಿ. ಅಲ್ಲಿ ಜರ್ಮನಿಯಲ್ಲಿ ಹಲ್ಲುನೋವಿನವರೆಲ್ಲ ಕೆನ್ನೆ ಹಿಡಕೊಂಡು ಕಾಯ್ತಿದಾರೆ, ಯಾರ ಸರದಿ ಅಂತ ಯಾರಿಗೂ ಗೊತ್ತಿಲ್ಲ. ಮೇಡಂ ವಿಡಿಯೋ ಕಾಲ್ ಮಾಡಿದ್ರು. ಇವರು ಎಡಗೈಯಲ್ಲಿ ಫೋನ್ ಹಿಡಿದು, ಆಕೆಗೆ ಇಂಗ್ಲಿಷಲ್ಲಿ ಪಾಠ, ಬಿರಿಯಾನಿ ಬಡಿಸೋರಿಗೆ ದಖನಿ ಉರ್ದುವಿನಲ್ಲಿ ಮಾತು, ಎರಡನ್ನೂ ಒಂದೇ ಉಸಿರಲ್ಲಿ ನಡೆಸಿದ್ರು. ಹದಿನೈದು ನಿಮಿಷದಲ್ಲಿ ಸರ್ವರ್ ಎದ್ದು ಕೂತಿತು.

ಮೇಡಂ ಖುಷಿ ಹೇಳತೀರದು. ಕಾಲ್‌ನಲ್ಲಿ ಯಾವ ಭಾಷೆ ಕೇಳಿಸಿದ್ರೂ ಇಂಗ್ಲಿಷಲ್ಲಿ ತಾನೇ ಬರಕೊಳ್ಳೋ ಸೌಲಭ್ಯ ಆನ್ ಮಾಡಿಟ್ಟಿದ್ರಂತೆ. ಬಂದದ್ದಕ್ಕೆಲ್ಲ ನಂಬರ್ ಹಾಕಿ, ಕಂಪನಿಯ ಅಧಿಕೃತ ಕೈಪಿಡಿಗೆ ಸೇರಿಸಿಯೇಬಿಟ್ರು.

ಮುಂದಿನ ತಿಂಗಳು ಮತ್ತೆ ಸರ್ವರ್ ನಿಂತಾಗ, ಜರ್ಮನಿಯಲ್ಲಿ ಹೊಸದಾಗಿ ಸೇರಿದ್ದ ಹುಡುಗಿ ನನಗೆ ಫೋನ್ ಮಾಡಿದ್ಲು.

"ಕೈಪಿಡಿ ನೋಡ್ಕೊಂಡೇ ಮಾಡ್ತಿದೀನಿ. ನಾಲ್ಕನೇದು 'ಇನ್ನೂ ಸ್ವಲ್ಪ ಹಾಕಿ' ಅಂತಿತ್ತು, ಮೆಮೊರಿ ಹಾಕಿದೆ. ಐದನೇದು 'ಸಾಕು ಸಾಕು', ನಿಲ್ಲಿಸಿದೆ. ಆರನೇದರಲ್ಲಿ ಸಿಕ್ಕಾಕೊಂಡಿದೀನಿ. 'ರಾಯ್ತಾ ಸೈಡಲ್ಲಿ ಹಾಕಿ' ಅಂತಿದೆ. ಯಾವ ಸೈಡು? ನಮ್ಮ ಸೈಡಾ, ಡಾಕ್ಟರ್ ಸೈಡಾ?"