ಮುಖಪುಟದ ಕನ್ನಡಿಯಲ್ಲಿ ಮಾರ್ತಾಂಡರಾಯರು

ಪುಣೆಯ ಹಡಪಸರದ ಕನ್ನಡ ಬಳಗವು ಪ್ರಕಟಿಸುವ ಯಾವುದೇ ಪುಸ್ತಕದ ಮುಖಪುಟವು ಸಾಂಕೇತಿಕವಾಗಿರತಕ್ಕದ್ದು ಮತ್ತು ಸದರಿ ಸಂಕೇತವು ಸರ್ವ ಸದಸ್ಯರಿಗೂ ಒಪ್ಪಿಗೆಯಾಗತಕ್ಕದ್ದು ಎಂದು ೨೦೦೩ರಲ್ಲಿ ಠರಾವು ಪಾಸಾಯಿತು. ಆ ಠರಾವಿನ ಕೈಗೆ ಸಿಕ್ಕ ಮೊದಲ ಪುಸ್ತಕ ಮಂಜರಿಯದು.

ಧಾರವಾಡ ಮೂಲದ ಮಂಜರಿ, ತಾನು ಯಾರೆಂದು ತಿಳಿಯಲು ನೈರೋಬಿ, ಲಿಸ್ಬನ್, ಹನೋಯ್ ಎಲ್ಲ ಅಲೆದು, ಅಲ್ಲೆಲ್ಲೂ ಪತ್ತೆಯಾಗದೆ ಪುಣೆಗೆ ಮರಳಿ ಅದನ್ನೇ ಕಾದಂಬರಿ ಮಾಡಿದ್ದಳು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ ಆಡುತ್ತ ಬೆಳೆಯುವ ಹುಡುಗಿ ತನ್ನನ್ನು ತಾನು ಹುಡುಕುವ ಕತೆ. ಪ್ರಕಾಶಕರೆಲ್ಲ ವಾಪಸು ಕಳಿಸಿದ್ದರು. ಬಳಗವೂ ಕೈಬಿಟ್ಟರೆ ಹಸ್ತಪ್ರತಿ ಅಟ್ಟ ಸೇರುವುದು ಖಚಿತ. ಹಾಗಾಗಿ ಕನ್ನಡಿಯ ಮುಂದೆ ನಿಂತ ಹುಡುಗಿಯದೊಂದು ಚಿತ್ರವನ್ನು ಕಲಾವಿದ ಕೇದಾರನಿಂದ ಬರೆಸಿ, ಅದನ್ನು ಹಿಡಿದು ಭಾಳ ವಿನಯದಿಂದ ಸಭೆಗೆ ಹೋದಳು.

“ಹುಡುಗಿಗೆ ಇಳಕಲ್ ಸೀರಿ ಉಡಸ್ರಿ,” ಎಂದರು ಕಾರ್ಯದರ್ಶಿ ಸುಲಭಾಬಾಯಿ.

“ಆಕಿ ಇನ್ನೂ ಸಾಲಿಗೆ ಹೋಗ್ತಾಳ್ರೀ ಬಾಯಾರ,” ಎಂದಳು ಮಂಜರಿ.

“ಹಂಗಾದ್ರ ನಮ್ಮ ಕಡೆ ಲಂಗಾ-ಪೋಲಕಾ ಹಾಕಸ್ರಿ,” ಎಂದರು ಕಲಬುರ್ಗಿ ಕಡೆಯ ಧರ್ಮಣ್ಣ.

ಬೆಂಗಳೂರಿನಿಂದ ಬಂದ ಐಟಿ ಸದಸ್ಯರು ಜೀನ್ಸ್ ಕೇಳಿದರು. ಕೇದಾರ ಮೂರನ್ನೂ ತೊಡಿಸಿದ. ಹುಡುಗಿ ಪ್ರಯಾಣಕ್ಕೆ ಕಟ್ಟಿಟ್ಟ ಹಾಸಿಗೆ ಸುರುಳಿಯಂತೆ ಕಂಡಳು. ಆಕೆ ಯಾರ ಕಡೆಯವಳೆಂದು ಇತ್ಯರ್ಥವಾಗುವವರೆಗೆ ಆಕೆಯನ್ನು ಚಿತ್ರದಿಂದ ತಾತ್ಕಾಲಿಕವಾಗಿ ಹೊರಗಿಡಲು ಸರ್ವಾನುಮತದಿಂದ ತೀರ್ಮಾನವಾಯಿತು.

ಖಾಲಿ ಕನ್ನಡಿ ಉಳಿಯಿತು. ಇದಕ್ಕಿಂತ ಒಳ್ಳೆಯ ಸಂಕೇತ ತನಗೂ ಹೊಳೆದಿರಲಿಲ್ಲವೆಂದು ಮಂಜರಿ ಒಳಗೊಳಗೇ ಹಿಗ್ಗಿದಳು.

“ಖಾಲಿ ಬಿಟ್ರ ಛಲೋ ಕಾಣಸ್ತದೇನ್ರಿ?” ಎಂದರು ಅಧ್ಯಕ್ಷ ಮಾರ್ತಾಂಡರಾಯರು.

ಖಾಲಿ ಜಾಗದಲ್ಲಿ ಅಧ್ಯಕ್ಷರ ಭಾವಚಿತ್ರ ಹಾಕುವುದು ಬಳಗದ ಪದ್ಧತಿ. ಕ್ಯಾಲೆಂಡರಿನಲ್ಲಿ ಹಾಕಿದ್ದರು, ಅರಿಷಿಣ-ಕುಂಕುಮದ ಆಮಂತ್ರಣದಲ್ಲೂ ಹಾಕಿದ್ದರು.

“ನಿಮಗ ಮೀಸಿ ಅದ ಅಲ್ರೀ, ರಾಯರ,” ಎಂದಳು ಮಂಜರಿ.

“ಇರಲಿ ಬಿಡ್ರಿ, ನನಗೇನೂ ಅಡ್ಡಿ ಇಲ್ಲ,” ಎಂದು ರಾಯರು ಔದಾರ್ಯ ತೋರಿದರು.

ಮಂಜರಿ ಅಟ್ಟವನ್ನು ನೆನೆದು ಒಪ್ಪಿಕೊಂಡಳು.

ಪುಸ್ತಕದ ಪ್ರತಿಗಳೆಲ್ಲ ಖರ್ಚಾದವು. ಓದುಗರ ದೂರು ಒಂದೇ: ಹುಡುಗಿ ಅಷ್ಟೊಂದು ಪುಟ ತನ್ನನ್ನು ಹುಡುಕಿದರೂ ರಾಯರು ಎಲ್ಲೂ ಸಿಗುವುದಿಲ್ಲ. ದೂರು ನ್ಯಾಯವಾದದ್ದೆಂದು ಸಭೆ ಒಪ್ಪಿತು. ಎಲ್ಲರೂ ಒಪ್ಪಿದ ಮುಖಪುಟ ಬದಲಿಸಲು ಠರಾವು ಅಡ್ಡ ಬರುವುದರಿಂದ, ಎರಡನೇ ಮುದ್ರಣಕ್ಕೆ ಕಾದಂಬರಿಯನ್ನೇ ಬದಲಿಸುವುದೆಂದಾಯಿತು. ಮಂಜರಿ ಕೊನೆಯ ಅಧ್ಯಾಯ ತಿದ್ದಿ ಬರೆದಳು: ಹುಡುಗಿ ಕನ್ನಡಿ ನೋಡುತ್ತಾಳೆ, ಅದರಲ್ಲಿ ಮಾರ್ತಾಂಡರಾಯರು ಕಾಣುತ್ತಾರೆ, ತಾನು ಯಾರೆಂದು ಅವಳಿಗೆ ಕೊನೆಗೂ ತಿಳಿಯುತ್ತದೆ.

ಬರೆಯುವಾಗ ಮಂಜರಿಯ ಕಣ್ಣುಗಳು ಒದ್ದೆಯಾದವು. ಇಡೀ ಕಾದಂಬರಿಯಲ್ಲಿ ಅತ್ಯಂತ ಸಹಜವಾಗಿ ಬಂದ ಭಾಗ ಇದೇ ಎಂದು ಅವಳಿಗೂ ಅನಿಸಿತು.