ಕಾಕಾನ ಬೆಡ್‌ಪ್ಯಾನು

ನಮ್ಮ ಕಾಕಾ ಯಾರನ್ನೂ ಮುಖ ನೋಡಿ ಗುರುತು ಹಿಡಿಯುತ್ತಿರಲಿಲ್ಲ. ಹಾಗೆಂದು ಕಣ್ಣು ಮಂದವೆಂದು ತಿಳಿಯಬೇಡಿ! ಹೈದರಾಬಾದಿನಲ್ಲಿ ನಿಜಾಮ ಸರಕಾರದ ದವಾಖಾನೆಯೊಂದರ ಮಲಮೂತ್ರದ ಇಲಾಖೆಯನ್ನು ಇಪ್ಪತ್ತೆಂಟು ವರ್ಷ ಸಮರ್ಥವಾಗಿ ನಿಭಾಯಿಸಿ ನಾರಾಯಣಪೇಟೆಗೆ ಮರಳಿದ ಆ ಮಹಾನುಭಾವರು ಮನುಷ್ಯರನ್ನು ನೆನಪಿಟ್ಟುಕೊಂಡದ್ದು ಬೇರೆ ಕಡೆಯಿಂದ. ಗದ್ವಾಲದ ಮದುವೆಯೊಂದರಲ್ಲಿ ಜರಿಪೇಟ ಸುತ್ತಿ ಊಟಕ್ಕೆ ಕೂತಿದ್ದ ಬೀಗರನ್ನು ಕಂಡು, ತುಂಬಿದ ಪಂಕ್ತಿಯ ನಡುವೆ, "ಓಹೋ! ಎಂಟು ದಿನ ಆಗದಽ ಒದ್ದಾಡಿದವರು ನೀವಽ ಅಲ್ಲೇನ್ರೀ? ಈಗ ದಿನಾ ಸುಗಮಾಗಿ ಆಗ್ತೈತಿಲ್ಲೋ?" ಎಂದು ಕುಶಲ ವಿಚಾರಿಸಿದರು. ಬೀಗರು ಹೋಳಿಗೆ ಬಿಟ್ಟು ಎದ್ದೇ ಹೋದರು.

"ಪಾಪ, ಇನ್ನೂ ಗುಣ ಆಗಿಲ್ಲ ಕಾಣ್ತೈತಿ" ಎಂದು ಕಾಕಾ ಮರುಗಿದರು!

ಮಖ್ತಲದ ತಹಸೀಲ ಕಚೇರಿಯಲ್ಲಿ ಮಂದಿಯ ಅರ್ಜಿಗಳನ್ನು ಸಾಹೇಬರ ಮುಂದಿಡುವ ಪೇಶ್ಕಾರರಾಗಿದ್ದು ನಿವೃತ್ತರಾದ ನಮ್ಮಪ್ಪನಿಗೆ ಇಂಥ ತಮ್ಮನಿರುವುದೇ ಜೀವಮಾನದ ಕಳಂಕ. ನಮ್ಮ ಮನೆಯಲ್ಲಿ ಕಾಕಾನ ಎಲೆ ಹೊರಗೆ, ಕಟ್ಟೆಯ ಮೇಲೆ.

"ಲೇ, ಎಂತೆಂಥಾ ಜಾತಿಯವರದು ಬಳದ ಕೈ ಅದು" ಎಂದು ಅಪ್ಪ ಒಳಗಿನಿಂದ ಹೇಳಿದರೆ, ಕಾಕಾ ಅನ್ನ ಕಲಸುತ್ತ, "ಎಲ್ಲಾ ಜಾತಿಯವರದೂ ಒಂದಽ ನಮೂನಿ ಇರ್ತೈತಿ ಅಣ್ಣಾ, ನಾ ನೋಡೀನಿ" ಎನ್ನುತ್ತಿದ್ದರು.

ದೈವಕ್ಕೂ ತಮಾಷೆಯ ಗೀಳಿದೆ ನೋಡಿ. ಅಪ್ಪನಿಗೆ ಲಕ್ವ ಹೊಡೆದು ಎಡಮೈ ಬಿದ್ದುಹೋಯಿತು. ಬಾಯಿಗೆ ಮಾತ್ರ ಏನೂ ಆಗಲಿಲ್ಲ. "ಹಿತ್ತಲಕ್ಕ ಹೋಗೇ ಮಾಡ್ತೀನಿ" ಎಂದು ಹಟ. ಹೊತ್ತುಕೊಂಡು ಹೋದರೆ ದಾರಿಯಲ್ಲೇ ಮೂರ್ಛೆ. ಮರುದಿನ ಮಧ್ಯಾಹ್ನವಾದರೂ ಮೂತ್ರವಿಲ್ಲ; ಹೊಟ್ಟೆ ನಗಾರಿಯಾಗಿತ್ತು. ನೋಡಲು ಬಂದ ಡಾಕ್ಟರು, "ಸಂಜಿ ತನಕ ಆಗಲಿಲ್ಲಂದ್ರ ನಳಿಗಿ ಹಾಕಬೇಕು, ರಾಯಚೂರಿಗೆ ಒಯ್ರಿ" ಎಂದು ಹೋದರು. ಬಂಡಿಯ ಕುಲುಕಾಟದಲ್ಲಿ ಅಪ್ಪ ರಾಯಚೂರು ಮುಟ್ಟುತ್ತಾರೆಂಬ ನಂಬಿಕೆ ಯಾರಿಗೂ ಇರಲಿಲ್ಲ. ಮಂಚದ ಸುತ್ತ ಒಂಬತ್ತು ಮಂದಿ ಬಂಧುಗಳು ಕಣ್ಣು ಮಿಟುಕಿಸದೆ ಕಾದಿದ್ದರು. ಮಗನಾದ ನಾನು ಬಾಗಿಲಲ್ಲಿ ಮೂಗು ಮುಚ್ಚಿಕೊಂಡು ನಿಂತಿದ್ದೆ. ಇಷ್ಟು ಪ್ರೇಕ್ಷಕರ ಮುಂದೆ ಯಾವ ಪುರುಷೋತ್ತಮನಿಗೆ ತಾನೆ ಆದೀತು?

ಕಾಕಾ ಬಂದರು. ಕಂಕುಳಲ್ಲಿ, ಹಳೆಯ ನಾರಾಯಣಪೇಟೆ ಸೀರೆಯ ತುಂಡಿನಲ್ಲಿ ಉತ್ಸವಮೂರ್ತಿಯಂತೆ ಸುತ್ತಿದ ಬಿಳಿಯ ಬೆಡ್‌ಪ್ಯಾನು!

"ನಾಟಕ ಮುಗೀತು, ನಡೀರಿ ಎಲ್ಲಾರೂ!" ಎಂದು ಬಂಧುಗಳನ್ನು ಅಟ್ಟಿ, ಹಿಡಿದುಕೊಳ್ಳಲು ನನ್ನೊಬ್ಬನನ್ನು ಇಟ್ಟುಕೊಂಡರು. ಬಿಸಿನೀರು ಹೊಯ್ದು ಪ್ಯಾನನ್ನು ಬೆಚ್ಚಗೆ ಮಾಡಿ ಒರೆಸಿದರು. ಅಂಚಿಗೆ ಮೆತ್ತನೆಯ ಬಟ್ಟೆ. ಅಪ್ಪನನ್ನು ಮಗ್ಗುಲಿಗೆ ಹೊರಳಿಸಿ, ಪ್ಯಾನು ಒತ್ತಿಟ್ಟು, ಮತ್ತೆ ಅಂಗಾತ ತಂದು, ಬೆನ್ನಿಗೆ ದಿಂಬು ಏರಿಸಿ ಕೂರಿಸಿದರು. ಹೊದಿಕೆ ಎಳೆದು, ಬೆನ್ನು ತಿರುಗಿಸಿ ನಿಂತು, ಚೊಂಬಿನಿಂದ ಬಕೆಟ್ಟಿಗೆ ಸಣ್ಣ ಧಾರೆಯಾಗಿ ನೀರು ಬಿಡತೊಡಗಿದರು.

"ಹೊರಗ ಹೋಗಲೇ! ನಿನ್ನ ಮುಂದ ಆಗಂಗಿಲ್ಲ" ಎಂದು ಅಪ್ಪ ಕಾಕಾನ ಮೇಲೆ ಹಲ್ಲು ಕಡಿದರು.

"ಪೇಶ್ಕಾರ ಸಾಹೇಬರಽ, ಮೂವತ್ತು ವರ್ಷ ಮಂದಿ ಅರ್ಜಿ ತಡದು ಕುಂತ್ರಿ, ಪಾಪ ಅವರು ಏನೂ ಮಾಡ್ಲಿಲ್ಲ. ಇದೊಂದು ಅರ್ಜಿ ತಡದ್ರ ನೀವಽ ಸಾಯ್ತೀರಿ. ಮಂಜೂರು ಮಾಡ್ರಿ!"

ಅಪ್ಪ ಬೈದರು. ಬೈಯುತ್ತ ಬೈಯುತ್ತ ನಕ್ಕುಬಿಟ್ಟರು. ನಕ್ಕದ್ದೇ ತಡ, ಮಂಜೂರಾಯಿತು! ಕಾಕಾ ತಿರುಗಿ ನೋಡಲಿಲ್ಲ. ಆ ಸದ್ದು ಕೇಳಿಸದಂತೆ ನೀರನ್ನು ಇನ್ನಷ್ಟು ಜೋರಾಗಿ ಸುರಿದರು.

ಆಮೇಲೆ ಏಳು ತಿಂಗಳು ಕಾಕಾ ನಮ್ಮಲ್ಲೇ. ಎರಡು ತಾಸಿಗೊಮ್ಮೆ ಅಪ್ಪನ ಮಗ್ಗುಲು ಬದಲಿಸುವುದು, ತೊಳೆಯುವುದು, ಒಣಗಿಸುವುದು, ಚಾದರದ ಒಂದು ಸುಕ್ಕೂ ಬೆನ್ನಿಗೆ ಒತ್ತದಂತೆ ಎಳೆದು ಹಾಸುವುದು. ಊಟದ ಎಲೆ ಮಾತ್ರ ಕಟ್ಟೆಯ ಮೇಲೆಯೇ. ಅಪ್ಪನೂ "ಒಳಗ ಬಾ" ಎನ್ನಲಿಲ್ಲ, ನಾನೂ ಎನ್ನಲಿಲ್ಲ. ಮಡಿಯೆಂದರೆ ಮಡಿ!

ಒಂದು ಬೆಳಿಗ್ಗೆ ಅಪ್ಪ ತೀರಿಕೊಂಡರು. ಪಡಸಾಲೆಗೆ ತಂದು ನೆಲದ ಮೇಲೆ ಮಲಗಿಸುವಾಗ ಬಂಧುಗಳು ಅವರ ಬೆನ್ನು ಕಂಡು ಬೆರಗಾದರು. "ಏಳು ತಿಂಗಳು ಮಲಗಿದ್ರೂ ಒಂದು ಹುಣ್ಣಿಲ್ಲ! ಏನು ಪುಣ್ಯಾ ಮಾಡಿದ್ರೋ ಪೇಶ್ಕಾರರು!"

ಪುಣ್ಯ ಹಿತ್ತಲಲ್ಲಿ ಚಾದರ ಒಗೆಯುತ್ತಿತ್ತು.

ರಾಯಚೂರಿನಿಂದ ಅಕ್ಕ ಬರಲೆಂದು ಕಾದು ಕೂತಿದ್ದೆವು. ಕಾಕಾ ಒದ್ದೆ ಕೈ ಒರೆಸಿಕೊಳ್ಳುತ್ತ ನೆಟ್ಟಗೆ ಒಳಗೆ ಬಂದರು. ಮಂಡಿಯೂರಿ, ಅಪ್ಪನ ಭುಜದ ಕೆಳಗೊಂದು, ಸೊಂಟದ ಕೆಳಗೊಂದು ಕೈ ಹಾಕಿದರು.

"ಏನ್ ಮಾಡಾಕ ಹತ್ತೀಯೋ? ಹೋದ್ರಲ್ಲೋ ಅವರು!" ಎಂದು ಯಾರೋ ಗದರಿದರು.

ಕಾಕಾ ತಲೆಯೆತ್ತಲಿಲ್ಲ.

"ಎರಡು ತಾಸಾತ್ರೀ. ಒಂದಽ ಮಗ್ಗಲಿಗೆ ಎಷ್ಟೊತ್ತು ಮಲಗಬೇಕು ನಮ್ಮಣ್ಣ?"